ಬೆಳ್ಳಗಿರೋದೆಲ್ಲ ಹಾಲಲ್ಲ!

ಚರ್ಮದ ಡಾಕ್ಟರನ್ನು ಸ್ಟುಡಿಯೋಗೆ ಕರೆಸಿ ಫೋನ್-ಇನ್ ಕಾರ್ಯಕ್ರಮ ಮಾಡಿದಾಗೆಲ್ಲ ನನಗೆ ಒಂದು ಪ್ರಶ್ನೆ ಕೇಳಿಸಿಯೇ ಕೇಳಿಸುತ್ತೆ. ‘ಸರ್, ಕೆನ್ನೆ ಮೇಲೆ ಬಂಗು ಬಂದಿತ್ತು. ಮೆಡಿಕಲ್ ಶಾಪ್‌ನಲ್ಲಿ ಒಂದು ಟ್ಯೂಬ್ ಕೊಟ್ರು. ಹಚ್ಚಿದ ಎರಡೇ ವಾರಕ್ಕೆ ಮುಖ ಬೆಳ್ಳಗಾಯ್ತು. ಬಿಟ್ಟ ಮೇಲೆ ಮೊದಲಿಗಿಂತ ಜಾಸ್ತಿ ಆಯ್ತು. ಏನ್ ಮಾಡ್ಲಿ?’ ಊರು ಬೇರೆ, ದನಿ ಬೇರೆ. ಕಥೆ ಮಾತ್ರ ಒಂದೇ.

ಹಾಗಾದ್ರೆ ಆ ಟ್ಯೂಬ್‌ನಲ್ಲಿ ಇರೋದೇನು? ಅದಕ್ಕೂ ಮೊದಲು, ಈ ಬಂಗು ಬರೋದಾದರೂ ಯಾಕೆ?

ನಮ್ಮ ಚರ್ಮಕ್ಕೆ ಬಣ್ಣ ಕೊಡೋದು ಮೆಲನಿನ್ ಅನ್ನೋ ವಸ್ತು. ಅದನ್ನು ತಯಾರಿಸುವ ಜೀವಕೋಶಗಳ ಸಂಖ್ಯೆ ಬಿಳಿಯರಲ್ಲೂ ಕಪ್ಪು ಬಣ್ಣದವರಲ್ಲೂ ಹೆಚ್ಚುಕಡಿಮೆ ಒಂದೇ. ನಮ್ಮಲ್ಲಿ ಆ ಕೋಶಗಳು ಹೆಚ್ಚು ಕೆಲಸ ಮಾಡುತ್ತವೆ, ಅಷ್ಟೇ. ಇದು ದೋಷ ಅಲ್ಲ ಸ್ವಾಮಿ, ಬಿಸಿಲಿಗೆ ಪ್ರಕೃತಿ ಹಿಡಿದ ಕೊಡೆ. ಆದರೆ ಈ ಕೊಡೆ ಸಣ್ಣ ನೆಪಕ್ಕೂ ಬಿಚ್ಚಿಕೊಳ್ಳುತ್ತೆ. ಮೊಡವೆ ಹಿಸುಕಿದರೆ, ಸೊಳ್ಳೆ ಕಚ್ಚಿದ ಜಾಗ ಕೆರೆದರೆ, ಪಾರ್ಲರ್‌ನ ಬ್ಲೀಚ್ ಉರಿ ಎಬ್ಬಿಸಿದರೆ ಅಲ್ಲೊಂದು ಕಪ್ಪು ಕಲೆ ಉಳಿಯುತ್ತೆ. ಬಂಗಿಗೆ ಬಿಸಿಲು, ಹಾರ್ಮೋನು, ಮನೆತನ ಮೂರೂ ಕಾರಣ. ಗರ್ಭಿಣಿಯರಲ್ಲಿ, ಗರ್ಭನಿರೋಧಕ ಮಾತ್ರೆ ತಗೊಳ್ಳೋರಲ್ಲಿ ಹೆಚ್ಚು ಕಾಣೋದು ಅದಕ್ಕೇ. ಗಂಡಸರಿಗೂ ಬರುತ್ತೆ.

ಈಗ ಟ್ಯೂಬ್ ವಿಷಯಕ್ಕೆ ಬನ್ನಿ. 1975ರಲ್ಲಿ ಅಮೆರಿಕದ ಕ್ಲಿಗ್‌ಮನ್ ಮತ್ತು ವಿಲ್ಲಿಸ್ ಎಂಬ ವೈದ್ಯರು ಮೂರು ಔಷಧ ಬೆರೆಸಿ ಒಂದು ಸೂತ್ರ ಪ್ರಕಟಿಸಿದರು. ಕಲೆ ತಿಳಿಯಾಗಿಸಲು ಹೈಡ್ರೋಕ್ವಿನೋನ್, ಚರ್ಮದ ಹೊರಪದರ ಬೇಗ ಬದಲಾಗಲು ಟ್ರೆಟಿನಾಯಿನ್, ಉರಿ ತಣಿಸಲು ಒಂದು ಸ್ಟೆರಾಯ್ಡ್. ಈ ಮೂರರ ಮಿಶ್ರಣ ಇವತ್ತಿಗೂ ವೈದ್ಯರ ಕೈಯಲ್ಲಿ ಒಳ್ಳೆಯ ಅಸ್ತ್ರ. ಕೆಲವೇ ವಾರ ಕೊಡುತ್ತಾರೆ, ಮುಖ ನೋಡುತ್ತಾರೆ, ನಿಲ್ಲಿಸುತ್ತಾರೆ. ನಮ್ಮ ದೇಶದಲ್ಲಿ ಇದರ ಇನ್ನೊಂದು ರೂಪ, ಮೊಮೆಟಾಸೋನ್ ಎಂಬ ಪ್ರಬಲ ಸ್ಟೆರಾಯ್ಡ್ ಸೇರಿಸಿದ್ದು, ‘ಬೆಳ್ಳಗಾಗೋ ಕ್ರೀಮ್’ ಅನ್ನೋ ಹೆಸರಲ್ಲಿ ಅಂಗಡಿಯಿಂದ ಮನೆ ಸೇರಿತು. ಅಕ್ಕ ಹಚ್ಚಿದಳು, ತಂಗಿ ಹಚ್ಚಿದಳು, ವರ್ಷಗಟ್ಟಲೆ ಹಚ್ಚಿದರು.

ಪರಿಣಾಮ? ಚರ್ಮ ತೆಳುವಾಗುತ್ತೆ. ಕೆನ್ನೆ ಕೆಂಪಾಗಿ ಸಣ್ಣ ರಕ್ತನಾಳಗಳು ಎದ್ದು ಕಾಣುತ್ತವೆ. ಮೊಡವೆ ಏಳುತ್ತೆ, ಮುಖದ ಮೇಲೆ ಕೂದಲು ಬರುತ್ತೆ. ಕ್ರೀಮ್ ಬಿಟ್ಟರೆ ಬೆಂಕಿ ಬಿದ್ದ ಹಾಗೆ ಉರಿ. ಉರಿ ತಾಳಲಾರದೆ ಮತ್ತೆ ಅದೇ ಕ್ರೀಮ್! ಚಟ ಅಂದ್ರೆ ಇದೇ ಅಲ್ವಾ? ಈ ಸ್ಥಿತಿಗೆ ‘ಸ್ಟೆರಾಯ್ಡ್‌ನಿಂದ ಹಾಳಾದ ಮುಖ’ ಅಂತಲೇ ಹೆಸರಿಟ್ಟವರು ಭಾರತದ ಚರ್ಮರೋಗ ತಜ್ಞರು. ಅವರ ಸಂಘ ವರ್ಷಗಳ ಕಾಲ ಕೂಗಿ ಹೇಳಿದ ಮೇಲೆ, 2018ರಲ್ಲಿ ಕೇಂದ್ರ ಸರ್ಕಾರ 14 ಸ್ಟೆರಾಯ್ಡ್ ಮುಲಾಮುಗಳನ್ನು ಷೆಡ್ಯೂಲ್ ಎಚ್ ಪಟ್ಟಿಗೆ ಸೇರಿಸಿತು. ಅಂದ್ರೆ ವೈದ್ಯರ ಚೀಟಿ ಇಲ್ಲದೆ ಮಾರುವಂತಿಲ್ಲ. ಕಾನೂನು ಇದೆ. ಕೌಂಟರ್‌ನಲ್ಲಿ ಚೀಟಿ ಕೇಳೋರು ಎಷ್ಟು ಜನ? ನೀವೇ ಹೇಳಿ.

ಹೈಡ್ರೋಕ್ವಿನೋನ್ ಕೂಡ ಮಿತಿ ಮೀರಿದರೆ ತಿರುಗಿಬೀಳುತ್ತೆ. ವರ್ಷಗಟ್ಟಲೆ ಹಚ್ಚಿದವರಿಗೆ ಕಲೆ ಹೋಗುವ ಬದಲು ಬೂದುನೀಲಿ ಕಪ್ಪು ಕಟ್ಟಬಹುದು. ಅದನ್ನು ಹೋಗಲಾಡಿಸೋದು ತುಂಬಾ ಕಷ್ಟ. ದಕ್ಷಿಣ ಆಫ್ರಿಕಾದಲ್ಲಿ ಇಂಥ ಮುಖಗಳನ್ನು ನೋಡಿ ನೋಡಿ, 1990ರಲ್ಲಿ ಅಲ್ಲಿನ ಸರ್ಕಾರ ಸೌಂದರ್ಯವರ್ಧಕಗಳಲ್ಲಿ ಅದನ್ನು ನಿಷೇಧಿಸಿತು.

ಇದಕ್ಕಿಂತ ಭಯಂಕರವಾದದ್ದು ಪಾದರಸ. ನಮ್ಮ ಪಕ್ಕದ ಕೇರಳದ ಮಲಪ್ಪುರಂ ಜಿಲ್ಲೆಯಲ್ಲಿ ಏನಾಯ್ತು ನೋಡಿ. 2021ರಿಂದ 2023ರ ನಡುವೆ ಒಂದು ಬಗೆಯ ಕಿಡ್ನಿ ಕಾಯಿಲೆಯ 22 ರೋಗಿಗಳನ್ನು ವೈದ್ಯರು ಪರೀಕ್ಷಿಸಿದರು. 15 ಜನರಲ್ಲಿ ಆ ಕಾಯಿಲೆಯ ಅಪರೂಪದ ರೂಪ ಕಂಡಿತು. ಆ 15ರಲ್ಲಿ 13 ಜನ ಬಿಳುಪಿನ ಕ್ರೀಮ್ ಹಚ್ಚುತ್ತಿದ್ದವರು! ಮುಖಕ್ಕೆ ಹಚ್ಚಿದ್ದು, ಕೆಟ್ಟದ್ದು ಕಿಡ್ನಿ. ಮುಖದ ಕ್ರೀಮ್‌ಗೆ ಪಾದರಸ ಹಾಕಬಾರದು ಅಂತ ನಮ್ಮ 2020ರ ಸೌಂದರ್ಯವರ್ಧಕ ನಿಯಮಗಳೇ ಹೇಳುತ್ತವೆ. ತಯಾರಕರ ವಿಳಾಸ ಇಲ್ಲದ, ಒಳಗೇನಿದೆ ಅಂತ ಬರೆಯದ ಡಬ್ಬಿಗೆ ಯಾವ ನಿಯಮ?

ಹಾಗಾದ್ರೆ ಬಂಗಿಗೆ ಮದ್ದೇ ಇಲ್ವಾ? ಇದೆ. ಆದರೆ ಆತುರ ಇರಬಾರದು. ಮೊದಲ ಮದ್ದು ಬಿಸಿಲಿನಿಂದ ರಕ್ಷಣೆ. ಕಪ್ಪು ಚರ್ಮಕ್ಕೆ ಸನ್‌ಸ್ಕ್ರೀನ್ ಬೇಡ ಅನ್ನೋದು ತಪ್ಪು. ನಮ್ಮಂಥ ಬಣ್ಣದವರಲ್ಲಿ ಅತಿನೇರಳೆ ಕಿರಣ ಮಾತ್ರವಲ್ಲ, ಕಣ್ಣಿಗೆ ಕಾಣೋ ಬೆಳಕೂ ಬಂಗನ್ನು ಕೆರಳಿಸುತ್ತೆ. ಅದಕ್ಕೇ ಐರನ್ ಆಕ್ಸೈಡ್ ಇರುವ, ಚರ್ಮದ ಬಣ್ಣದ ಸನ್‌ಸ್ಕ್ರೀನ್ ಹೆಚ್ಚು ಉಪಯೋಗಿ. ಜೊತೆಗೆ ಕೊಡೆ ಹಿಡಿಯಿರಿ, ಟೋಪಿ ಹಾಕಿ, ಸೆರಗು ಹೊದ್ದುಕೊಳ್ಳಿ. ಇವಕ್ಕೆ ದುಡ್ಡೇನೂ ಬೇಡ. ನಿಂಬೆಹಣ್ಣು, ಅಡುಗೆ ಸೋಡಾ ತಿಕ್ಕಬೇಡಿ. ಉರಿ ಎದ್ದರೆ ಕಲೆ ಇನ್ನೂ ಗಾಢವಾಗುತ್ತೆ.

ಆಮೇಲೆ ಔಷಧ. ಸ್ಟೆರಾಯ್ಡ್ ಇಲ್ಲದ ಅಜೆಲಾಯಿಕ್ ಆಸಿಡ್‌ನಂಥವು ಇವೆ. ಫಲ ಕಾಣೋಕೆ ಎರಡು ಮೂರು ತಿಂಗಳು ಬೇಕು. ಟ್ರಾನೆಕ್ಸಾಮಿಕ್ ಆಸಿಡ್ ಮಾತ್ರೆ ಕೆಲವರಿಗೆ ಚೆನ್ನಾಗಿ ಕೆಲಸ ಮಾಡುತ್ತೆ, ಆದರೆ ರಕ್ತ ಹೆಪ್ಪುಗಟ್ಟುವ ಅಪಾಯ ಇರುವವರಿಗೆ ಕೂಡದು. ಗರ್ಭಿಣಿಯರು ಟ್ರೆಟಿನಾಯಿನ್, ಹೈಡ್ರೋಕ್ವಿನೋನ್ ಮುಟ್ಟಬಾರದು. ಲೇಸರ್ ಅಂದ ಕೂಡಲೇ ಓಡಬೇಡಿ. ನಮ್ಮ ಚರ್ಮದ ಅನುಭವ ಇಲ್ಲದ ಕೈಗೆ ಸಿಕ್ಕರೆ ಅದರಿಂದಲೇ ಹೊಸ ಕಲೆ ಬರಬಹುದು. ಇನ್ನೊಂದು ಕಹಿಸತ್ಯ ಹೇಳಿಬಿಡ್ತೀನಿ. ಬಂಗು ಹೋದ ಮೇಲೂ ಮತ್ತೆ ಬರಬಹುದು. ‘ಶಾಶ್ವತ ಪರಿಹಾರ’ ಅನ್ನೋರನ್ನು ನಂಬಬೇಡಿ.

ಕಪ್ಪಾಗಿದ್ದೆಲ್ಲ ಬಂಗೂ ಅಲ್ಲ. ಕತ್ತಿನ ಹಿಂದೆ ದಪ್ಪಗೆ, ಮಖಮಲ್ಲಿನ ಹಾಗೆ ಕಪ್ಪಾಗಿದ್ದರೆ ತಿಕ್ಕಿ ತೊಳೆಯೋದಲ್ಲ, ಶುಗರ್ ಟೆಸ್ಟ್ ಮಾಡಿಸಿ. ಅದು ಸಕ್ಕರೆ ಕಾಯಿಲೆಯ ಮುನ್ಸೂಚನೆ ಇರಬಹುದು. ಹಣೆ ಕಪ್ಪಾಗಿದ್ದರೆ ಕುಂಕುಮದ ಬಣ್ಣವೋ, ಹೇರ್ ಡೈಯೋ ಒಗ್ಗದೇ ಇರಬಹುದು. ಅದಕ್ಕೇ ಮೊದಲು ಚರ್ಮರೋಗ ತಜ್ಞರು ನೋಡಬೇಕು. ಸರ್ಕಾರಿ ಮೆಡಿಕಲ್ ಕಾಲೇಜು ಆಸ್ಪತ್ರೆಗಳಲ್ಲೂ ಈ ವಿಭಾಗ ಇದೆ.

ಈ ಅಧ್ಯಾಯ ಓದಿದ ಮೇಲೆ ಮನೆಯಲ್ಲಿರೋ ಟ್ಯೂಬ್ ತಿರುಗಿಸಿ ನೋಡಿ. ಮೊಮೆಟಾಸೋನ್, ಬೀಟಾಮೆಥಾಸೋನ್, ಕ್ಲೋಬೆಟಾಸಾಲ್, ಫ್ಲುಯೋಸಿನೋಲೋನ್ ಅಂತಿದ್ದರೆ ಅದು ಸ್ಟೆರಾಯ್ಡ್. ತಿಂಗಳುಗಟ್ಟಲೆ ಹಚ್ಚಿದ್ದರೆ ಒಮ್ಮೆಲೇ ಬಿಸಾಡಬೇಡಿ. ಆ ಟ್ಯೂಬನ್ನೇ ಹಿಡಿದುಕೊಂಡು ಡಾಕ್ಟರ್ ಹತ್ತಿರ ಹೋಗಿ. ಹಂತಹಂತವಾಗಿ ಬಿಡಿಸುತ್ತಾರೆ.

ಕೊನೆಯದಾಗಿ ಒಂದು ಮಾತು. ವಧು ಬೇಕಾಗಿದ್ದಾರೆ ಅನ್ನೋ ಜಾಹೀರಾತಿನಲ್ಲಿ ‘ಬೆಳ್ಳಗಿರಬೇಕು’ ಅಂತ ಬರೆಸೋರು ಇರೋವರೆಗೂ ಈ ಟ್ಯೂಬ್‌ಗಳಿಗೆ ಗಿರಾಕಿ ತಪ್ಪೋದಿಲ್ಲ. 2020ರಲ್ಲಿ ದೇಶದ ಅತಿ ಪ್ರಸಿದ್ಧ ಕ್ರೀಮ್ ತನ್ನ ಹೆಸರಿನಿಂದ ‘ಫೇರ್’ ಅನ್ನೋ ಪದ ತೆಗೆದು ‘ಗ್ಲೋ’ ಅಂತ ಹಾಕಿಕೊಂಡಿತು. ಡಬ್ಬಿ ಬದಲಾಯ್ತು, ನಮ್ಮ ತಲೆ? ಎಣ್ಣೆಗಪ್ಪು ಅಂತ ಎಷ್ಟು ಚೆಂದದ ಪದ ಇದೆ ಕನ್ನಡದಲ್ಲಿ! ಒಳ್ಳೆ ಡಾಕ್ಟರ್ ನಿಮ್ಮ ಕಲೆ ತೆಗೆದು, ಸುತ್ತಲಿನ ನಿಮ್ಮದೇ ಬಣ್ಣಕ್ಕೆ ಸೇರಿಸುತ್ತಾರೆ. ಚಿಕಿತ್ಸೆ ಬೇಕಿರೋದು ಕಲೆಗೆ ಮಾತ್ರ. ನಿಮ್ಮ ಬಣ್ಣಕ್ಕಲ್ಲ.