ಬರಹಕ್ಕೊಂದು ವಿಳಾಸ

ಹೊಟ್ಟೆಪಾಡಿಗಾಗಿ ಊರು ಬಿಟ್ಟು ಬಂದ ನಮಗೆ ವಿಳಾಸದ ಬೆಲೆಯನ್ನು ಯಾರೂ ಹೇಳಿಕೊಡಬೇಕಾಗಿಲ್ಲ. ಚಾಳಿನ ಕೋಣೆಯಿಂದ ಬಾಡಿಗೆಯ ಫ್ಲಾಟಿಗೆ, ಅಲ್ಲಿಂದ ಉಪನಗರಕ್ಕೆ ಮನೆ ಬದಲಿಸಿದಾಗಲೆಲ್ಲ ಬ್ಯಾಂಕಿಗೆ ಬರೆ, ಗ್ಯಾಸಿನವನಿಗೆ ಹೇಳು, ರೇಶನ್ ಕಾರ್ಡು ತಿದ್ದಿಸು ಎಂದು ತಿಂಗಳುಗಟ್ಟಲೆ ಅಲೆದವರು ನಾವು. ಊರಿನಿಂದ ಬಂದ ಮದುವೆಯ ಕರೆಯೋಲೆ ಹಳೆಯ ಬಾಗಿಲಿಗೆ ಹೋಗಿ ಹಿಂತಿರುಗಿದ ಕಥೆ ಮನೆಗೊಂದರಂತೆ ಇದೆ. ಹೀಗಿದ್ದೂ ನಮ್ಮ ಮಕ್ಕಳು, ಅಂದರೆ ಪುಣೆ, ಹೈದರಾಬಾದು, ಚೆನ್ನೈಗಳ ಸಾಫ್ಟ್‌ವೇರ್ ಕಚೇರಿಗಳಲ್ಲಿ ದುಡಿಯುತ್ತಿರುವ ತರುಣ ತರುಣಿಯರು, ತಾವು ಅಂತರಜಾಲದಲ್ಲಿ ಬರೆಯುವ ಲೇಖನಗಳ ವಿಳಾಸದ ವಿಷಯದಲ್ಲಿ ಮಾತ್ರ ಬಹಳ ನಿಶ್ಚಿಂತರು. ಆ ನಿಶ್ಚಿಂತೆಯನ್ನು ಕೊಂಚ ಕದಡುವುದು ಈ ಲೇಖನದ ಉದ್ದೇಶ.

'ಕಚೇರಿಯಲ್ಲಿ ಹತ್ತು ತಾಸು ಕೀಲಿಮಣೆ ಕುಟ್ಟಿ ಬಂದು, ರಾತ್ರಿ ಮತ್ತೆ ಕುಳಿತು ಬರೆಯುವುದಾದರೂ ಏನು?' ಎಂದು ತಂದೆತಾಯಿಗಳು ಕೇಳಬಹುದು. ಒಂದು ಡೇಟಾಬೇಸು ದಿನವೂ ಸಂಜೆ ಆರಕ್ಕೆ ಸರಿಯಾಗಿ ಮುಗ್ಗರಿಸುತ್ತದೆ ಎನ್ನಿ. ಮೂರು ದಿನ ತಲೆ ಕೆರೆದುಕೊಂಡ ಮೇಲೆ ಕಾರಣ ಸಿಗುತ್ತದೆ: ಒಂದು ಕೋಷ್ಟಕಕ್ಕೆ ಯಾರೋ ಇಂಡೆಕ್ಸು ಹಾಕದೆ ಬಿಟ್ಟಿದ್ದಾರೆ, ಆರು ಗಂಟೆಗೆ ಲೆಕ್ಕದ ವರದಿ ಹೊರಡುವಾಗ ಯಂತ್ರವು ಇಡೀ ಕೋಷ್ಟಕವನ್ನು ಮೊದಲಿನಿಂದ ಕಡೆಯವರೆಗೆ ಓದುತ್ತ ಕೂಡುತ್ತದೆ. ಈ ಪತ್ತೇದಾರಿಯನ್ನು ಹಂತಹಂತವಾಗಿ ಬರೆದಿಟ್ಟರೆ, ಅದೇ ಸಂಕಟದಲ್ಲಿ ಬಿದ್ದ ಇನ್ನೊಬ್ಬರು ಬ್ರೆಜಿಲಿನಲ್ಲೋ ಬೆಳಗಾವಿಯಲ್ಲೋ ಅದನ್ನು ಹುಡುಕಿ ಓದಿ, ತಮ್ಮ ಮೂರು ದಿನ ಉಳಿಸಿಕೊಳ್ಳುತ್ತಾರೆ. ಬರೆದವರಿಗೂ ಲಾಭವುಂಟು. ಬರೆಯಹೊರಟಾಗಲೇ ತನಗೆ ತಿಳಿದದ್ದೆಷ್ಟು, ತಿಳಿಯದ್ದೆಷ್ಟು ಎಂಬುದು ಗೊತ್ತಾಗುವುದು. ಕೆಲಸಕ್ಕೆ ಕರೆಯುವವರು ಅರ್ಜಿಯ ಜೊತೆಗೆ ಇಂಥ ಬರಹಗಳನ್ನೂ ನೋಡುವುದುಂಟು. ಆದುದರಿಂದ ಇದು ಹವ್ಯಾಸವೂ ಹೌದು, ಗಳಿಕೆಯ ದಾರಿಯೂ ಹೌದು.

ಈ ಗಳಿಕೆ ಕರಗಿಹೋಗುವ ಬಗೆಯನ್ನು ನೋಡಿ. ನನ್ನ ಪರಿಚಯದ ಒಬ್ಬ ತರುಣಿ ತಾನು ಕೆಲಸ ಮಾಡುತ್ತಿದ್ದ ಕಂಪನಿಯ ಜಾಲತಾಣದಲ್ಲಿಯೇ ನಾಲ್ಕು ವರ್ಷ ಲೇಖನ ಬರೆದಳು. ಒಳ್ಳೆಯ ಲೇಖನಗಳು, ಓದಿದವರು ಹೊಗಳಿ ಪತ್ರ ಬರೆಯುತ್ತಿದ್ದರು. ಆಕೆ ಕೆಲಸ ಬಿಟ್ಟ ಮರುವರ್ಷ ಕಂಪನಿಯವರು ತಾಣವನ್ನು ಹೊಸದಾಗಿ ಕಟ್ಟಿಸಿದರು. ಹಳೆಯ ಲೇಖನಗಳಲ್ಲಿ ಅರ್ಧ ಮಾಯವಾದವು. ಉಳಿದರ್ಧದ ಕೆಳಗೆ ಆಕೆಯ ಹೆಸರು ಹೋಗಿ 'ಸಂಪಾದಕ ಬಳಗ' ಎಂದು ಬಂತು. ಕೇಳಿದರೆ, ಅವು ಕಂಪನಿಯ ಸ್ವತ್ತು ಎಂದರು. ಕೇಳಿದವರಿಗೆ ಇದು ಅನ್ಯಾಯವೆನಿಸುತ್ತದೆ; ಆದರೆ ಸ್ವತ್ತಿನ ಮಾತಿನಲ್ಲಿ ಕಾಯಿದೆ ಅವರ ಕಡೆಗೇ ಇದೆ. 1957ರ ಕೃತಿಸ್ವಾಮ್ಯ ಕಾಯಿದೆಯ 17ನೆಯ ವಿಭಾಗದ ಪ್ರಕಾರ, ನೌಕರಿಯ ಕರ್ತವ್ಯದ ಅಂಗವಾಗಿ ಮಾಡಿದ ಕೃತಿಗೆ, ಬೇರೆ ಕರಾರು ಇಲ್ಲದಿದ್ದರೆ, ಮಾಲೀಕನೇ ಮೊದಲ ಒಡೆಯ. ನೌಕರಿಗೆ ಸೇರುವಾಗ ಸಹಿ ಮಾಡುವ ಕಾಗದಗಳ ಕಟ್ಟಿನಲ್ಲಿ ಇದರ ಬಗ್ಗೆ ಏನು ಬರೆದಿದೆಯೆಂದು ಓದಿ ನೋಡುವವರು ವಿರಳ. ಕಂಪನಿಯ ತಾಣದಲ್ಲಿ ಬರೆಯಬಾರದೆಂದು ನಾನು ಹೇಳುತ್ತಿಲ್ಲ. ಅಲ್ಲಿ ತಿದ್ದುವವರಿರುತ್ತಾರೆ, ಓದುಗರು ಸಿದ್ಧವಾಗಿರುತ್ತಾರೆ, ಬರೆದ ಹೊತ್ತಿಗೆ ಸಂಬಳವೂ ಸಿಗುತ್ತದೆ. ಅದು ಸಂಬಳದ ಕೆಲಸವೆಂದು ತಿಳಿದು ಬರೆದರೆ ಮನಸ್ಸಿಗೆ ಕಹಿಯಿಲ್ಲ.

ಹಾಗಾದರೆ ಎಲ್ಲರಿಗೂ ತೆರೆದಿರುವ ಸಾರ್ವಜನಿಕ ತಾಣಗಳಲ್ಲಿ ಬರೆಯಬಹುದಲ್ಲ? ಧಾರಾಳವಾಗಿ. ಈಗ ಹೆಚ್ಚಿನವರು ಮಾಡುವುದೂ ಅದನ್ನೇ. ಆದರೆ ಈ ಧರ್ಮಛತ್ರಗಳ ಚರಿತ್ರೆಯನ್ನು ಒಮ್ಮೆ ನೋಡುವುದು ಒಳ್ಳೆಯದು. ಜಿಯೋಸಿಟೀಸ್ ಎಂಬ ತಾಣದಲ್ಲಿ ಲಕ್ಷಾಂತರ ಜನ ಪುಕ್ಕಟೆಯಾಗಿ ಪುಟಗಳನ್ನು ಕಟ್ಟಿಕೊಂಡಿದ್ದರು. 1999ರಲ್ಲಿ ಯಾಹೂ ಕಂಪನಿ ಅದನ್ನು ಕೊಂಡುಕೊಂಡಿತು. 2009ರಲ್ಲಿ ಬಾಗಿಲು ಹಾಕಿತು. ಪೋಸ್ಟರಸ್ ಎಂಬ ಇನ್ನೊಂದು ತಾಣವನ್ನು 2012ರಲ್ಲಿ ಟ್ವಿಟರ್ ಕೊಂಡಿತು; ಮರುವರ್ಷವೇ ಅದು ಇಲ್ಲವಾಯಿತು. ಗೂಗಲ್ ಪ್ಲಸ್ 2019ರಲ್ಲಿ ಮುಚ್ಚಿತು. ಇವರಾರೂ ಬಡವರಲ್ಲ, ದಿವಾಳಿಯೆದ್ದವರೂ ಅಲ್ಲ. ಲೆಕ್ಕಪುಸ್ತಕದಲ್ಲಿ ಆ ಸಾಲು ಲಾಭ ತೋರಿಸಲಿಲ್ಲ, ಅಷ್ಟೆ.

ಮುಚ್ಚದೆ ಇದ್ದ ತಾಣಗಳೂ ತಮ್ಮ ಕಟ್ಟಳೆಗಳನ್ನು ಬದಲಿಸುತ್ತವೆ. ಮೀಡಿಯಮ್ ಎಂಬುದನ್ನೇ ತೆಗೆದುಕೊಳ್ಳಿ. ಬ್ಲಾಗರ್ ಮತ್ತು ಟ್ವಿಟರ್‌ಗಳ ಸ್ಥಾಪಕರಲ್ಲಿ ಒಬ್ಬರಾದ ಇವಾನ್ ವಿಲಿಯಮ್ಸ್ 2012ರಲ್ಲಿ ಇದನ್ನು ತೆರೆದರು. ನೋಡಲು ಬಹಳ ಸುಂದರ: ಅಚ್ಚುಕಟ್ಟಾದ ಅಕ್ಷರ, ಜಾಹೀರಾತಿನ ಕಾಟವಿಲ್ಲ. ಪ್ರೋಗ್ರಾಮರುಗಳು ಗುಂಪುಗುಂಪಾಗಿ ಬಂದು ಸೇರಿದರು. 2017ರಲ್ಲಿ ಓದುಗರಿಗೆ ತಿಂಗಳಿಗೆ 5 ಡಾಲರಿನ ಚಂದಾ ಬಂತು. ಲೇಖಕ ಒಪ್ಪಿ ಆ ಗೋಡೆಯೊಳಗೆ ಇಟ್ಟ ಲೇಖನವನ್ನು ಚಂದಾದಾರರು ಓದಿದಂತೆ ಲೇಖಕನಿಗೆ ಅಷ್ಟಿಷ್ಟು ಹಣ ಬರುತ್ತದೆ. ಕಥೆಗೋ ಪ್ರಬಂಧಕ್ಕೋ ಇದು ಒಪ್ಪೀತು. ಆದರೆ ರಾತ್ರಿ ಎರಡು ಗಂಟೆಗೆ ಸರ್ವರು ಬಿದ್ದುಹೋಗಿ ಕೈಕಾಲು ನಡುಗುತ್ತಿರುವವನು ಉತ್ತರ ಹುಡುಕಿಕೊಂಡು ಬಂದರೆ, ಎರಡು ಪ್ಯಾರಾ ತೋರಿಸಿ 'ಚಂದಾ ಕೊಡು' ಎಂದರೆ ಹೇಗೆ? ಅವನು ಬೇರೆ ಕಡೆಗೆ ಹೋಗುತ್ತಾನೆ. ಅದೇ 2017ರಲ್ಲಿ, ಲೇಖಕರು ಮೀಡಿಯಮ್ಮಿಗೆ ತಮ್ಮ ಸ್ವಂತ ಡೊಮೇನ್ ಹೆಸರನ್ನು ಹೊಸದಾಗಿ ಜೋಡಿಸುವ ಸೌಕರ್ಯವನ್ನೂ ನಿಲ್ಲಿಸಿದರು. ಮತ್ತೆ ಕೊಟ್ಟದ್ದು 2021ರಲ್ಲಿ. ಅಲ್ಲಿ ದೊಡ್ಡ ಪ್ರಕಟಣೆಗಳನ್ನು ನಡೆಸುತ್ತಿದ್ದ ಫ್ರೀಕೋಡ್‌ಕ್ಯಾಂಪ್ ಮತ್ತು ಹ್ಯಾಕರ್‌ನೂನ್ ಎರಡೂ 2019ರಲ್ಲಿ ಸಾವಿರಾರು ಲೇಖನಗಳ ಗಂಟುಮೂಟೆ ಕಟ್ಟಿಕೊಂಡು ತಮ್ಮ ತಮ್ಮ ಮನೆಗೆ ಹೊರಟುಹೋದವು.

ಡೆವ್ ಎಂಬ ತಾಣದ ಬಗೆ ಬೇರೆ. ಅದು ಪ್ರೋಗ್ರಾಮರುಗಳಿಗಾಗಿಯೇ ಇರುವುದು. ಓದುವುದಕ್ಕೆ ಚಂದಾ ಇಲ್ಲ. ತಾಣವನ್ನು ನಡೆಸುವ ಪ್ರೋಗ್ರಾಮನ್ನೇ 2018ರಲ್ಲಿ ಎಲ್ಲರಿಗೂ ತೆರೆದಿಟ್ಟರು. ಹೊಸಬರನ್ನು ಆದರದಿಂದ ಕಾಣುತ್ತಾರೆಂಬ ಹೆಸರು ಅದಕ್ಕಿದೆ. ಗದ್ದಲವೂ ಇದೆಯೆನ್ನಿ, 'ಹತ್ತು ಉಪಾಯಗಳು' ಜಾತಿಯ ಲೇಖನಗಳ ಜಾತ್ರೆಯಲ್ಲಿ ಗಂಭೀರ ಲೇಖನ ಕಳೆದುಹೋಗುವುದುಂಟು. ನಮ್ಮ ಬೆಂಗಳೂರಿನಲ್ಲಿ ಬೇರು ಬಿಟ್ಟ ಹ್ಯಾಶ್‌ನೋಡ್, ಲೇಖಕನು ತನ್ನ ಸ್ವಂತ ಡೊಮೇನನ್ನೇ ಜೋಡಿಸಿಕೊಳ್ಳುವ ಅನುಕೂಲವನ್ನು ಮುಂದಿಟ್ಟು ಹೆಸರು ಮಾಡಿತು. ಆ ಅನುಕೂಲದಲ್ಲಿಯೇ ಇಡೀ ವಿಷಯದ ಗುಟ್ಟು ಇದೆ.

ಗುಟ್ಟು ಇಷ್ಟೆ: ಮನೆ ಬೇರೆ, ವಿಳಾಸ ಬೇರೆ. ನಮ್ಮ ಬದುಕಿನಲ್ಲಿ ಮನೆ ಬಿಟ್ಟರೆ ವಿಳಾಸವನ್ನೂ ಬಿಟ್ಟಂತೆ. ಅಂತರಜಾಲದಲ್ಲಿ ಹಾಗಲ್ಲ. ಡೊಮೇನ್ ಎಂಬ ಹೆಸರನ್ನು ನೀವು ಬೇರೆಯಾಗಿ ನೋಂದಾಯಿಸಿಕೊಳ್ಳಬಹುದು. ವರ್ಷಕ್ಕೆ ಸಾವಿರ ರೂಪಾಯಿಯ ಆಸುಪಾಸಿನ ಖರ್ಚು. ಆ ಹೆಸರು ಈ ಹೊತ್ತು ಯಾವ ಯಂತ್ರದ ಕಡೆಗೆ ಬೆರಳು ಮಾಡಬೇಕೆಂಬುದನ್ನು ನೀವೇ ಗೊತ್ತುಮಾಡುತ್ತೀರಿ. ಇಂದು ಹ್ಯಾಶ್‌ನೋಡ್, ನಾಳೆ ಬೇಡವಾದರೆ ಗಿಟ್‌ಹಬ್, ನಾಡಿದ್ದು ಮತ್ತೊಂದು. ಓದುಗನಿಗೆ ಏನೂ ಗೊತ್ತಾಗುವುದಿಲ್ಲ. ಪುಟಗಳ ಹೆಸರನ್ನು ಬದಲಿಸದಿದ್ದರೆ ಅವನು ಬರೆದಿಟ್ಟುಕೊಂಡ ಕೊಂಡಿ ಹಾಗೆಯೇ ನಡೆಯುತ್ತದೆ. ವಿಶ್ವವ್ಯಾಪಿ ಜಾಲವನ್ನು ಕಟ್ಟಿದ ಟಿಮ್ ಬರ್ನರ್ಸ್-ಲೀಯವರೇ 1998ರಲ್ಲಿ, ಪುಟದ ವಿಳಾಸ ಬದಲಾಗಬಾರದೆಂದು ವಾದಿಸಿ ಒಂದು ಚಿಕ್ಕ ಪ್ರಬಂಧ ಬರೆದಿದ್ದಾರೆ. ಆದುದರಿಂದ 'ಮೀಡಿಯಮ್ಮೋ ಡೆವ್ವೋ?' ಎಂದು ತಲೆ ಕೆಡಿಸಿಕೊಳ್ಳುವುದಕ್ಕೆ ಮೊದಲು ಸ್ವಂತದ ಒಂದು ಹೆಸರನ್ನು ಕೊಂಡುಕೊಳ್ಳಬೇಕು. ಉಳಿದ ಪ್ರಶ್ನೆಗಳೆಲ್ಲ ಆಮೇಲಿನವು, ತಪ್ಪಾದರೂ ತಿದ್ದಿಕೊಳ್ಳಬಹುದಾದವು.

ಹೆಸರಿದ್ದ ಮೇಲೆ ಇಳಿದುಕೊಳ್ಳಲು ಸ್ಥಳ ಬೇಕಷ್ಟೆ. ಗಿಟ್‌ಹಬ್ ಪೇಜಸ್ 2008ರಿಂದ ಇದೆ. ನಿಮ್ಮ ಕಡತಗಳನ್ನು ಎಲ್ಲರೂ ನೋಡುವಂತೆ ಇಟ್ಟರೆ ಬಾಡಿಗೆಯಿಲ್ಲ. ತಾಣ 1 ಗಿಗಾಬೈಟನ್ನು ಮೀರಬಾರದೆಂದು ಮಿತಿಯಿದೆ; ಅಕ್ಷರ ಬರೆಯುವವನಿಗೆ ಅದು ಸಮುದ್ರ. ಆದರೆ ಅದೂ ಪರರ ಮನೆಯೇ ಎಂಬುದು ನೆನಪಿರಲಿ. 2014ರ ಡಿಸೆಂಬರಿನಲ್ಲಿ ನಮ್ಮ ಸರಕಾರ ಭಯೋತ್ಪಾದಕರ ಬರಹಗಳ ಕಾರಣದಿಂದ 32 ತಾಣಗಳನ್ನು ತಡೆಯಲು ಆಜ್ಞೆ ಮಾಡಿದಾಗ, ಗಿಟ್‌ಹಬ್, ವಿಮಿಯೋ, ಇಂಟರ್‌ನೆಟ್ ಆರ್ಕೈವ್ ಎಲ್ಲವೂ ಆ ಪಟ್ಟಿಯಲ್ಲಿದ್ದವು. ಹೊಸ ವರ್ಷದ ಹೊಸ್ತಿಲಲ್ಲಿ ಎಷ್ಟೋ ಕಚೇರಿಗಳು ಕಕ್ಕಾಬಿಕ್ಕಿಯಾದವು. ಇಂಥ ದಿನ ಸ್ವಂತ ಹೆಸರುಳ್ಳವನು ತನ್ನ ಕಡತಗಳನ್ನು ಇನ್ನೊಂದು ಕಡೆಗೆ ಸಾಗಿಸಿ ಒಂದು ಸಂಜೆಯಲ್ಲಿ ನಿರಾಳವಾಗಬಹುದು. ಅದಕ್ಕೆ ಕಡತಗಳು ಅವನ ಕೈಯಲ್ಲಿರಬೇಕು. ತಾಣದ ಕಿಟಕಿಯಲ್ಲೇ ನೇರವಾಗಿ ಬರೆದು ಅಲ್ಲಿಯೇ ಬಿಟ್ಟುಬಿಡುವ ಅಭ್ಯಾಸ ಕೆಟ್ಟದ್ದು. ಜಾನ್ ಗ್ರೂಬರ್ 2004ರಲ್ಲಿ ರೂಪಿಸಿದ ಮಾರ್ಕ್‌ಡೌನ್ ಎಂಬ ಸರಳ ಪದ್ಧತಿಯಲ್ಲಿ ಬರೆದರೆ ಅದು ಬರಿಯ ಅಕ್ಷರಗಳ ಕಡತ. ಯಾವ ಯಂತ್ರದಲ್ಲೂ ತೆರೆಯುತ್ತದೆ, ಹೆಚ್ಚಿನ ತಾಣಗಳು ಅದನ್ನೇ ಸ್ವೀಕರಿಸುತ್ತವೆ. ಮೂಲಪ್ರತಿಯೂ ಚಿತ್ರಗಳೂ ಮನೆಯ ಕಂಪ್ಯೂಟರಿನಲ್ಲಿರಲಿ.

ಇಲ್ಲಿ ಒಂದು ಆಕ್ಷೇಪಣೆಯುಂಟು. ಅದು ಸುಳ್ಳೂ ಅಲ್ಲ. ಸ್ವಂತ ಮನೆಯೇನೋ ಕಟ್ಟಿದೆ, ಊರಾಚೆಯ ಆ ಮನೆಗೆ ಬರುವವರು ಯಾರು? ಮೊದಮೊದಲು ಯಾರೂ ಬರುವುದಿಲ್ಲ. ತಿಂಗಳಿಗೆ ಹತ್ತು ಜನ ಓದಿದರೆ, ಅದರಲ್ಲಿ ಮೂವರು ಗೆಳೆಯರು, ಒಬ್ಬಳು ಅಕ್ಕ. ಕೆನಡಾದ ಜೂಲಿಯಾ ಇವಾನ್ಸ್‌ರಂಥವರು ಸ್ವಂತ ತಾಣದಲ್ಲೇ ಬರೆದು ಜಗತ್ತಿನ ಪ್ರೋಗ್ರಾಮರುಗಳ ಪ್ರೀತಿ ಗಳಿಸಿದ್ದಾರೆ. ಆದರೆ ಎಲ್ಲರಿಗೂ ಅಷ್ಟು ತಾಳ್ಮೆ ಇರುವುದಿಲ್ಲ. ಇದಕ್ಕೆ ಒಳ್ಳೆಯ ಉಪಾಯವಿದೆ. ಮನೆಯಲ್ಲಿ ಮೊದಲು ಪ್ರಕಟಿಸಿ, ಕೆಲವು ದಿನ ಬಿಟ್ಟು ಪ್ರತಿಯನ್ನು ಡೆವ್‌ಗೋ ಮೀಡಿಯಮ್ಮಿಗೋ ಕಳುಹಿಸುವುದು. ಹಾಗೆ ಕಳುಹಿಸುವಾಗ 'ಕೆನಾನಿಕಲ್' ಎಂಬ ಒಂದು ಸಾಲನ್ನು ತುಂಬಬೇಕು. ಮೂಲ ಇಂಥ ವಿಳಾಸದಲ್ಲಿದೆ, ಇದು ನಕಲು ಎಂದು ಹುಡುಕುಯಂತ್ರಗಳಿಗೆ ತಿಳಿಸುವ ಗುರುತು ಅದು. 2009ರಲ್ಲಿ ಗೂಗಲ್, ಯಾಹೂ, ಮೈಕ್ರೋಸಾಫ್ಟ್ ಮೂವರೂ ಕೂಡಿ ಒಪ್ಪಿದ್ದು. ಇದನ್ನು ತುಂಬದೆ ಬಿಟ್ಟರೆ ದೊಡ್ಡ ತಾಣದ ನಕಲೇ ಹುಡುಕಾಟದಲ್ಲಿ ಮುಂದೆ ಬಂದು, ಮೂಲವು ಹಿಂದೆ ಬೀಳಬಹುದು. ಸಂತೆಗೆ ಹೋಗಿ ಮಾರಿ, ರಾತ್ರಿ ಮನೆಗೆ ಬಂದಂತೆ ಈ ವ್ಯವಸ್ಥೆ.

ಸಂಪಾದಕರಿರುವ ಪತ್ರಿಕೆಗಳ ಮಾತು ಬೇರೆ. ಅವುಗಳ ಮೇಲೆ ನನಗೆ ಗೌರವ ಹೆಚ್ಚು. ಲಿನಕ್ಸ್ ಪ್ರಪಂಚದ ಎಲ್‌ಡಬ್ಲ್ಯೂಎನ್ 1998ರಿಂದ ನಡೆಯುತ್ತಿದೆ. ಅಲ್ಲಿ ಹೊಸ ಲೇಖನ ಮೊದಲು ಚಂದಾದಾರರಿಗೆ. ಒಂದೆರಡು ವಾರಗಳಲ್ಲಿ ಎಲ್ಲರಿಗೂ ತೆರೆದುಕೊಳ್ಳುತ್ತದೆ. ಲೇಖಕನಿಗೂ ಸಂಭಾವನೆ, ಓದುಗನಿಗೂ ನ್ಯಾಯ. ಜರ್ಮನಿಯ ಸ್ಮ್ಯಾಶಿಂಗ್ ಮ್ಯಾಗಜೀನ್, ದೆಹಲಿಯಿಂದ ಬರುವ ಓಪನ್ ಸೋರ್ಸ್ ಫಾರ್ ಯು, ಇಂಥವುಗಳಲ್ಲಿ ಒಂದು ಲೇಖನ ಬರುವುದೆಂದರೆ, ಒಬ್ಬ ಅನುಭವಿ ನಿಮ್ಮ ವಾಕ್ಯಗಳ ಮೇಲೆ ಕೆಂಪು ಗೆರೆ ಎಳೆದಿದ್ದಾನೆಂದು ಅರ್ಥ. ಆ ಕೆಂಪು ಗೆರೆಯಿಂದ ಕಲಿಯುವಷ್ಟು ನೂರು ಮೆಚ್ಚುಗೆಗಳಿಂದ ಕಲಿಯಲಾಗದು. ಪತ್ರಿಕೆಗಳೂ ಮುಚ್ಚುತ್ತವೆ, ನಿಜ. 1994ರಲ್ಲಿ ಹುಟ್ಟಿದ ಲಿನಕ್ಸ್ ಜರ್ನಲ್ 2019ರಲ್ಲಿ ನಿಂತು, ಮರುವರ್ಷ ಹೊಸ ಒಡೆಯರ ಕೈಯಲ್ಲಿ ಎದ್ದಿತು. ಆದುದರಿಂದ ಪತ್ರಿಕೆಗೆ ಕೊಡುವಾಗ ಹಕ್ಕಿನ ಕರಾರನ್ನು ಓದಿ. ನಮ್ಮ ಕಾಯಿದೆಯಂತೆ ಹಕ್ಕಿನ ವರ್ಗಾವಣೆ ಬರವಣಿಗೆಯಲ್ಲಿಯೇ ಆಗಬೇಕು. ಅವಧಿ ಹೇಳದಿದ್ದರೆ ಐದು ವರ್ಷವೆಂದು ತಿಳಿಯತಕ್ಕದ್ದು. 'ಇಷ್ಟು ತಿಂಗಳ ಮೇಲೆ ನನ್ನ ತಾಣದಲ್ಲಿ ಹಾಕಿಕೊಳ್ಳಬಹುದೇ?' ಎಂದು ಕೇಳಿದರೆ ಹೆಚ್ಚಿನ ಸಂಪಾದಕರು ಬೇಸರಪಡುವುದಿಲ್ಲ.

ಕನ್ನಡದಲ್ಲಿ ಬರೆಯುವವರಿಗೆ ಇನ್ನೊಂದು ಎಚ್ಚರಿಕೆ. ಮುಂಬಯಿಯ ಭಾಭಾ ಪರಮಾಣು ಸಂಶೋಧನ ಕೇಂದ್ರದಲ್ಲಿ ವಿಜ್ಞಾನಿಯಾಗಿದ್ದ ಡಾ. ಯು. ಬಿ. ಪವನಜರು 1996ರಲ್ಲಿ 'ವಿಶ್ವಕನ್ನಡ' ಅಂತರಜಾಲ ಪತ್ರಿಕೆಯನ್ನು ತೆರೆದ ಕಾಲಕ್ಕೆ ಕಂಪ್ಯೂಟರುಗಳು ಯೂನಿಕೋಡ್ ಕನ್ನಡವನ್ನು ತೋರಿಸುತ್ತಿರಲಿಲ್ಲ. ವಿಂಡೋಸಿನಲ್ಲಿ ಆ ಸೌಕರ್ಯ ಬಂದದ್ದು 2001ರ ಎಕ್ಸ್‌ಪಿಯೊಂದಿಗೆ. ಅಲ್ಲಿಯವರೆಗೆ ಮತ್ತು ಆಮೇಲೂ ಹಲವು ವರ್ಷ, ಒಂದೊಂದು ಫಾಂಟಿಗೂ ಒಂದೊಂದು ಸಂಕೇತ. ಆ ಫಾಂಟು ಇಲ್ಲದ ಯಂತ್ರದಲ್ಲಿ ಕನ್ನಡ ಲೇಖನವು ಲ್ಯಾಟಿನ್ ಅಕ್ಷರಗಳ ಕಲಸುಮೇಲೋಗರವಾಗಿ ಕಾಣುತ್ತದೆ. ಹುಡುಕಿದರೆ ಸಿಗುವುದೂ ಇಲ್ಲ. ನಿಮ್ಮ ಮನೆಯ ಹಳೆಯ ಸಿ.ಡಿ.ಗಳಲ್ಲಿ ಇಂಥ ಕಡತಗಳಿದ್ದರೆ ಈಗಲೇ ಯೂನಿಕೋಡಿಗೆ ಪರಿವರ್ತಿಸಿ ಇಡಿ. ಹೊಸದಾಗಿ ಬರೆಯುವವರು ಸ್ವಂತ ತಾಣದಲ್ಲಿಯೇ ಬರೆಯುವುದು ಮೇಲು. ಕನ್ನಡ ವಿಕಿಪೀಡಿಯ 2003ರಿಂದ ಇದೆ. ಒಂದು ತಂತ್ರದ ಪರಿಚಯ ಲೇಖನಕ್ಕೆ ಅದು ಒಳ್ಳೆಯ ಜಾಗ, ಆದರೆ 'ನಾನು ಹೀಗೆ ಮಾಡಿದೆ' ಎಂಬ ಸ್ವಾನುಭವಕ್ಕೆ ಅಲ್ಲಿ ಅವಕಾಶವಿಲ್ಲ.

ಕಡೆಯದಾಗಿ ಮನೆಯವರಿಗೆ ಒಂದು ಮಾತು. ಡೊಮೇನನ್ನು ಕೊಳ್ಳುವಾಗ ಕಚೇರಿಯ ಇಮೇಲನ್ನು ಕೊಡಬಾರದು. ಕೆಲಸ ಬಿಟ್ಟ ದಿನ ಆ ಪೆಟ್ಟಿಗೆಗೆ ಬೀಗ ಬೀಳುತ್ತದೆ, ನವೀಕರಣದ ಸೂಚನೆ ಅದರೊಳಗೇ ಉಳಿಯುತ್ತದೆ. ಮೊದಲ ವರ್ಷ ತೊಂಬತ್ತೊಂಬತ್ತು ರೂಪಾಯಿ ಎಂದು ಕರೆಯುವವರಿದ್ದಾರೆ. ಎರಡನೆಯ ವರ್ಷದ ದರವನ್ನು ಕೇಳಿಕೊಂಡೇ ಹಣ ಕೊಡಬೇಕು. ಒಮ್ಮೆಗೇ ಹತ್ತು ವರ್ಷದವರೆಗೆ ಕಟ್ಟಬಹುದು. ಗಡುವು ಮೀರಿ ಬಿಟ್ಟರೆ ಹೆಸರು ಮತ್ತೆ ಮಾರುಕಟ್ಟೆಗೆ ಹೋಗುತ್ತದೆ. ಯಾರು ಬೇಕಾದರೂ ಕೊಂಡು, ನಿಮ್ಮ ಹೆಸರಿನ ಪುಟದಲ್ಲಿ ಜೂಜಿನ ಜಾಹೀರಾತು ಹಾಕಿಯಾರು. ಮನೆಯಲ್ಲಿ ಎಲ್.ಐ.ಸಿ. ಕಂತು, ಗ್ಯಾಸಿನ ನಂಬರು, ಮನೆ ತೆರಿಗೆ ಬರೆದಿಡುವ ಡೈರಿ ಇರುತ್ತದಲ್ಲ, ಅದರಲ್ಲಿಯೇ ಮಗನದೋ ಮಗಳದೋ ಡೊಮೇನ್ ಹೆಸರು, ನೋಂದಾಯಿಸಿದ ಕಂಪನಿ, ನವೀಕರಣದ ತಾರೀಖು, ಈ ಮೂರನ್ನೂ ಒಂದು ಪುಟದಲ್ಲಿ ಬರೆಸಿ ಇಟ್ಟುಕೊಳ್ಳಿ.