ಶಬ್ದವನ್ನು ಹೀರುವ ವಸ್ತುಗಳ ಅಳತೆ

ಭಾಷಣ ಮಂದಿರಗಳಲ್ಲಿ ಹಿಂದಿನ ಸಾಲಿನ ಶ್ರೋತೃಗಳಿಗೆ ಮಾತು ಕೇಳಿಸಿದರೂ ಅರ್ಥವಾಗದೆ ಹೋಗುವುದುಂಟು. ದನಿ ಸಾಲದೆಂದು ಭಾವಿಸಿ ಧ್ವನಿವರ್ಧಕವನ್ನು ತಂದಿಟ್ಟರೂ ಎಷ್ಟೋ ವೇಳೆ ಫಲ ದೊರೆಯದು. ಗಾರೆ, ಕಲ್ಲು, ಗಾಜುಗಳಿಗೆ ತಗುಲಿದ ಶಬ್ದವು ಬಹುಮಟ್ಟಿಗೆ ಹಿಂದಿರುಗಿ, ಒಂದು ಅಕ್ಷರದ ನಾದವು ಅಡಗುವ ಮೊದಲೇ ಮುಂದಿನ ಅಕ್ಷರದೊಡನೆ ಬೆರೆಯುವುದೇ ಇದಕ್ಕೆ ಕಾರಣ. ಹೀಗೆ ಉಳಿದು ಸುಳಿಯುವ ನಾದಕ್ಕೆ ಅನುರಣನವೆಂದು ಹೆಸರು. ಅದನ್ನು ತಗ್ಗಿಸಬೇಕಾದರೆ, ಯಾವ ವಸ್ತುವು ಎಷ್ಟು ಶಬ್ದವನ್ನು ಹೀರಬಲ್ಲುದೆಂಬುದನ್ನು ಮೊದಲು ಅಳೆಯಬೇಕು.

ಈ ಅಳತೆಗೆ ತಳಹದಿ ಹಾಕಿದವರು ಅಮೆರಿಕದ ವ್ಯಾಲೇಸ್ ಸಬೈನ್. 1895ರಲ್ಲಿ ಹಾರ್ವರ್ಡ್ ವಿಶ್ವವಿದ್ಯಾಲಯದ ಫಾಗ್ ಕಲಾ ಸಂಗ್ರಹಾಲಯದ ಉಪನ್ಯಾಸ ಮಂದಿರವು ಮಾತಿಗೆ ಅಯೋಗ್ಯವೆನಿಸಲು, ಪರಿಹಾರದ ಹೊಣೆ ಅವರ ಪಾಲಿಗೆ ಬಂದಿತು. ಇರುಳಿನ ನಿಶ್ಶಬ್ದದಲ್ಲಿ ಆರ್ಗನ್ ಕೊಳವೆಯೊಂದನ್ನು ನುಡಿಸಿ ನಿಲ್ಲಿಸಿ, ಶೇಷನಾದವು ಕಿವಿಗೆ ಕೇಳದಾಗುವವರೆಗಿನ ಕಾಲವನ್ನು ಅವರು ಗುರುತಿಸಿಕೊಂಡರು. ಬರಿಯ ಮಂದಿರದಲ್ಲಿ ಅದು ಸುಮಾರು 5.6 ಸೆಕೆಂಡು. ಸಮೀಪದ ಸ್ಯಾಂಡರ್ಸ್ ನಾಟಕಶಾಲೆಯ ಆಸನಗಳ ಮೆತ್ತೆಗಳನ್ನು ತಂದು ಹರಡಿದಂತೆಲ್ಲ ಕಾಲವು ಕುಗ್ಗಿ, ಕಡೆಗೆ ಸುಮಾರು 1.1 ಸೆಕೆಂಡಿಗೆ ಇಳಿಯಿತು.

ತೆರೆದ ಕಿಟಕಿಯಿಂದ ಹೊರಬಿದ್ದ ಶಬ್ದವು ಹಿಂದಿರುಗುವುದಿಲ್ಲವಷ್ಟೆ. ಆದುದರಿಂದ ತೆರೆದ ಕಿಟಕಿಯನ್ನೇ ಪೂರ್ಣ ಹೀರಿಕೆಯೆಂದೆಣಿಸಿ, ಅದರ ಗುಣಾಂಕವನ್ನು 1 ಎಂದು ಇಟ್ಟುಕೊಂಡರು. ಮಂದಿರದ ಗಾತ್ರವನ್ನು ಘನ ಮೀಟರುಗಳಲ್ಲಿ ತೆಗೆದುಕೊಂಡು 0.161ರಿಂದ ಗುಣಿಸಿ, ಚದರ ಮೀಟರುಗಳಲ್ಲಿ ಹೇಳಿದ ಒಟ್ಟು ಹೀರಿಕೆಯಿಂದ ಭಾಗಿಸಿದರೆ ಅನುರಣನಕಾಲ ದೊರೆಯುತ್ತದೆ. ಶಬ್ದದ ತೀವ್ರತೆಯು ಹತ್ತು ಲಕ್ಷದಲ್ಲಿ ಒಂದು ಪಾಲಿಗೆ ಇಳಿಯಲು ಹಿಡಿಯುವ ಕಾಲವೇ ಅದು.

ಪ್ರಯೋಗಶಾಲೆಯಲ್ಲಿ ಈ ಸೂತ್ರವನ್ನೇ ಹಿಂದುಮುಂದಾಗಿಸಿ ವಸ್ತುವಿನ ಗುಣಾಂಕವನ್ನು ಕಂಡುಹಿಡಿಯುತ್ತಾರೆ. ಗಟ್ಟಿ ಗೋಡೆಗಳುಳ್ಳ 200 ಘನ ಮೀಟರಿನ ಬರಿಯ ಕೊಠಡಿಯಲ್ಲಿ ಅನುರಣನಕಾಲವು 5 ಸೆಕೆಂಡು ಇದೆಯೆನ್ನೋಣ. ಅಲ್ಲಿಯ ಹೀರಿಕೆ 6.44 ಚದರ ಮೀಟರು. ಪರೀಕ್ಷೆಯ ವಸ್ತುವನ್ನು 10 ಚದರ ಮೀಟರು ಹಾಸಿದಾಗ ಕಾಲವು 2.5 ಸೆಕೆಂಡಿಗೆ ಇಳಿದರೆ ಹೀರಿಕೆಯು 12.88 ಆಯಿತು. ಹೆಚ್ಚಿದ 6.44ನ್ನು 10ರಿಂದ ಭಾಗಿಸಿದರೆ ವಸ್ತುವಿನ ಗುಣಾಂಕ ಸುಮಾರು 0.64.

ಆದರೆ ಒಂದೇ ಅಂಕೆಯನ್ನು ನಂಬಿ ಕೂಡಲಾಗದು. ತೆಳುವಾದ ಪರದೆಯು ತಾರಧ್ವನಿಯನ್ನು ಹೀರುವಷ್ಟು ಮಂದ್ರಧ್ವನಿಯನ್ನು ಹೀರಲಾರದು. ಆದಕಾರಣ ಬೇರೆಬೇರೆ ಶ್ರುತಿಗಳಲ್ಲಿ ಅಳತೆ ನಡೆಯಬೇಕು. ಸಭಿಕರ ಮೈ, ಉಡುಪುಗಳೂ ಶಬ್ದವನ್ನು ಹೀರುವುದರಿಂದ, ತುಂಬಿದ ಸಭೆಯಲ್ಲಿ ಹಿತವಾಗಿ ಕೇಳುವ ಮಾತು ವಿರಳ ಸಭೆಯಲ್ಲಿ ಕಲಸಿಹೋಗಬಹುದು.

1900ರಲ್ಲಿ ತೆರೆದ ಬಾಸ್ಟನ್ನಿನ ಸಿಂಫನಿ ಹಾಲನ್ನು ಸಬೈನರ ಲೆಕ್ಕಾಚಾರದ ನೆರವಿನಿಂದಲೇ ಕಟ್ಟಲಾಯಿತು. ನಮ್ಮ ಸಂಘಸಂಸ್ಥೆಗಳೂ ಸಭಾಭವನದ ನಕ್ಷೆ ಸಿದ್ಧವಾಗುವಾಗಲೇ ಈ ಲೆಕ್ಕವನ್ನು ಮಾಡಿಸುವುದು ಲೇಸು. ಕಟ್ಟಿ ಮುಗಿದ ಮೇಲೆ ಗೋಡೆಗೆ ಹೊದಿಕೆ ಹಚ್ಚುವುದಕ್ಕೆ ವೆಚ್ಚ ಹೆಚ್ಚು. ಅಲ್ಲಿಯವರೆಗೆ ಆಡಿದ ಮಾತೆಲ್ಲ ಕೇಳುಗರಿಗೆ ಸಲ್ಲದೆ ಹೋಗುವ ನಷ್ಟ ಅದಕ್ಕಿಂತ ಹೆಚ್ಚು.