ಛಾವಣಿ ಇಲ್ಲದ ಕಾರಿಗೆ ಬಲ ಎಲ್ಲಿಂದ?

ಹಾಸನ: ಛಾವಣಿ ತೆಗೆದ ಕಾರು ಮುಚ್ಚಳ ಕಿತ್ತ ರಟ್ಟಿನ ಪೆಟ್ಟಿಗೆಯಂತೆ, ಅದರ ಒಡಲು ಸುಲಭವಾಗಿ ತಿರುಚಿಕೊಳ್ಳುತ್ತದೆ. 2023ರಲ್ಲಿ ಭಾರತಕ್ಕೆ ಬಂದ ಮರ್ಸಿಡಿಸ್-ಎಎಂಜಿ ಎಸ್‌ಎಲ್ 55 ಕಾರಿನಲ್ಲಿ ಈ ಕೊರತೆಯನ್ನು ಗಟ್ಟಿಮುಟ್ಟಾದ ಅಲ್ಯೂಮಿನಿಯಂ ಚೌಕಟ್ಟು ತುಂಬುತ್ತದೆ. ಹಿಂದಿನ ಮಾದರಿಯ ಲೋಹದ ಛಾವಣಿಗಿಂತ ಇದರ ಬಟ್ಟೆಯ ಛಾವಣಿ 21 ಕೆ.ಜಿ. ಹಗುರ. ಮೇಲಿನ ಭಾರ ಇಳಿದಷ್ಟೂ ತಿರುವಿನಲ್ಲಿ ವಾಲುವುದು ಕಡಿಮೆ. ಮಗುಚುವ ಅಪಾಯ ಎದುರಾದರೆ ಆಸನಗಳ ಹಿಂದಿನ ರಕ್ಷಣಾ ಕಂಬಿಗಳು ತಾವಾಗಿಯೇ ಮೇಲೇಳುತ್ತವೆ.

476 ಅಶ್ವಶಕ್ತಿಯ ವಿ8 ಎಂಜಿನ್ 3.9 ಸೆಕೆಂಡಿನಲ್ಲಿ ಕಾರನ್ನು ಗಂಟೆಗೆ 100 ಕಿ.ಮೀ. ವೇಗಕ್ಕೆ ಒಯ್ಯುತ್ತದೆ. ಹಾಸನ-ಚನ್ನರಾಯಪಟ್ಟಣದಂಥ ಚತುಷ್ಪಥ ಹೆದ್ದಾರಿಗೆ ಕೇಂದ್ರ ಸರ್ಕಾರ 2018ರಲ್ಲಿ ನಿಗದಿಪಡಿಸಿದ ಗರಿಷ್ಠ ಮಿತಿಯೂ ಅಷ್ಟೇ! ಹೊಳೆನರಸೀಪುರದತ್ತ ಹೊರಳಿದರೆ ರಸ್ತೆಯುಬ್ಬುಗಳ ಮೇಲೆ ಇಷ್ಟು ತಗ್ಗಿನ ಕಾರಿನ ತಳ ಉಜ್ಜದಂತೆ ನೋಡಿಕೊಳ್ಳುವುದೇ ಚಾಲಕನ ಕೆಲಸ. ಅರಕಲಗೂಡಿನ ಬಳಿ ಮಳೆ ಹಿಡಿದರೆ ನಿಲ್ಲಬೇಕಿಲ್ಲ; ವೇಗ 60 ಕಿ.ಮೀ. ಒಳಗಿದ್ದರೆ ಛಾವಣಿ ಸುಮಾರು 15 ಸೆಕೆಂಡಿನಲ್ಲಿ ಮುಚ್ಚಿಕೊಳ್ಳುತ್ತದೆ.